ಗುತ್ತೆಪ್ಪ ಮಂತ್ರಿಗಳ ಕಾಲುಬಾವು

ನಿಟ್ಟುವಳ್ಳಿ, ದಾವಣಗೆರೆ
೨೧–೫–೧೯೫೫, ಶನಿವಾರ

ಪೂಜ್ಯ ಅತ್ತೆಯವರಾದ ಹಂಪವ್ವನವರ ಪಾದಗಳಿಗೆ ಸೊಸೆ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ಹಿರೇಸೊಸೆ ಎಂದು ಬರೆಯಬೇಕಿತ್ತೇನೋ. ಹದಿನೆಂಟು ವರ್ಷ ಬರೀ ಸೊಸೆಯಾಗಿದ್ದವಳನ್ನು ಈ ನಾಲ್ಕು ತಿಂಗಳಿಂದ ಓಣಿಯವರೆಲ್ಲ ಹಿರೇಸೊಸೆ ಎಂದು ಕರೆಯತೊಡಗಿದ್ದಾರೆ. ಇರಲಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಾವೆಲ್ಲ ಎಂದರೆ ನಾನು, ನಿಮ್ಮ ಮಗ ಮತ್ತು ಎಮ್ಮೆ. ಮೂವರಲ್ಲಿ ಮಾತನಾಡುವವಳು ನಾನೊಬ್ಬಳೇ.

ಕೊಟ್ರವ್ವಾ, ಈ ಕಾಗದವನ್ನು ಅಜ್ಜಿಗೆ ನೀನೇ ಓದಿ ಹೇಳಬೇಕಾಗುತ್ತದೆಂದು ನನಗೆ ಗೊತ್ತು. ಹರಿಹರದ ಆ ಮನೆಯಲ್ಲಿ ಅಕ್ಷರ ಬಲ್ಲವಳು ನೀನೊಬ್ಬಳೇ, ಈ ಮನೆಯಲ್ಲಿ ನಾನೊಬ್ಬಳೇ. ನಿನ್ನ ಸೋದರಮಾವನಿಗೆ ಹಗ್ಗದ ಅಂಗಡಿಯ ಚೀಟಿ ಓದಲು ಬರುತ್ತದೆ, ಅದಕ್ಕಿಂತ ಉದ್ದದ್ದು ಬಂದರೆ ಕಣ್ಣು ಉರಿಯುತ್ತದೆ. ಮದುಮಗಳ ಕೈಯಲ್ಲಿ ಮೊದಲ ಹೆಂಡತಿಯ ಕಾಗದ ಓದಿಸುವುದು ಯಾವ ನ್ಯಾಯ ಎಂದು ನಿನ್ನ ತಾಯಿ ಅಂಜಿನವ್ವ ಕೇಳಿದರೆ, ಮತ್ತೆ ಯಾರ ಕೈಯಲ್ಲಿ ಓದಿಸುತ್ತೀ ಎಂದು ಕೇಳು. ಅಜ್ಜಿಯ ಎಡಗಿವಿ ಮಂದ. ಬಲಗಡೆ ಕೂತು ಗಟ್ಟಿಯಾಗಿ ಓದು.

ಅತ್ತೆಯವರೇ, ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಬರುವ ಗುರುವಾರ ನೀವು ಇಟ್ಟುಕೊಂಡಿರುವ ಮದುವೆ ಆಗುವಂತಿಲ್ಲ. ಹೆಂಡತಿ ಬದುಕಿರುವಾಗ ಗಂಡಸು ಇನ್ನೊಬ್ಬಳನ್ನು ಮದುವೆಯಾಗಬಾರದೆಂಬ ಕಾನೂನಿಗೆ ಕಳೆದ ಬುಧವಾರ ದಿಲ್ಲಿಯಲ್ಲಿ ರಾಷ್ಟ್ರಪತಿಗಳ ರುಜು ಬಿದ್ದಿದೆ. ಪೇಪರಿನ ಆ ತುಂಡನ್ನು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಇನ್ನು ಮೇಲೆ ಹಾಗೆ ತಾಳಿ ಕಟ್ಟಿಸಿದರೆ ಆ ಮದುವೆ ಮದುವೆಯೇ ಅಲ್ಲ, ಕಟ್ಟಿದವನಿಗೆ ಏಳು ವರ್ಷದವರೆಗೂ ಜೈಲು. ಹುಲಿಗೆಮ್ಮ ಬದುಕಿದ್ದಾಳೆ. ಮೊನ್ನೆ ಸ್ವಲ್ಪ ನೆಗಡಿಯಿತ್ತು, ಈಗ ಅದೂ ಇಲ್ಲ.

ಇದನ್ನು ಕೇಳಿ ನೀವು ನನ್ನನ್ನೇ ಬೈಯುತ್ತೀರಿ. ದಿಲ್ಲಿಯವರು ನಿಮ್ಮ ಕೈಗೆ ಸಿಗುವುದಿಲ್ಲವಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಹದಿನೆಂಟು ವರ್ಷ ನನಗೆ ಮಕ್ಕಳಾಗಲಿಲ್ಲ. ಉಕ್ಕಡಗಾತ್ರಿಗೆ ಹರಕೆ ಹೊತ್ತು ಹೋಗಿ ಬಂದೆವು, ಚಿತ್ರದುರ್ಗದ ಆಸ್ಪತ್ರೆಗೆ ಹೋಗಿ ಬಂದೆವು, ಯಾರೋ ಹೇಳಿದರೆಂದು ನಲವತ್ತೆಂಟು ದಿನ ಬೇವಿನ ಕಷಾಯ ಕುಡಿದೆ. ಆಮೇಲೆ ನೀವೇ ನನ್ನ ತಲೆಯ ಮೇಲೆ ಕೈಯಿಟ್ಟು, ಸಾಕು ಬಿಡು ತಾಯಿ ಅಂದಿರಿ. ಆ ಹದಿನೆಂಟು ವರ್ಷದಲ್ಲಿ ಒಂದು ದಿನವೂ ನಿಮ್ಮ ಬಾಯಲ್ಲಿ ಇನ್ನೊಂದು ಮದುವೆಯ ಮಾತು ಬರಲಿಲ್ಲ. ಬಂದದ್ದು ಯಾವಾಗ? ಕಳೆದ ಡಿಸೆಂಬರಿನಲ್ಲಿ, ಬರುವ ವರ್ಷ ಸರ್ಕಾರ ಏನೇನು ಹೊಸ ಕಾನೂನು ತರಲಿದೆ ಎಂಬ ಪಟ್ಟಿಯನ್ನು ನಾನೇ ನಿಮಗೆ ಓದಿ ಹೇಳಿದ ದಿನ.

ಎಂಥ ಮೂರ್ಖಳು ನಾನು! ಸಂತೋಷದಿಂದ ಓದಿದೆ. ಒಬ್ಬಳು ಇರುವಾಗ ಇನ್ನೊಬ್ಬಳಿಲ್ಲವಂತೆ ನೋಡಿ ಅತ್ತೆ ಎಂದು, ನನ್ನ ಹೆಸರಿಗೇ ಲಾಟರಿ ಬಂದ ಹಾಗೆ ಓದಿದೆ. ನೀವು ಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲಿಸಿದಿರಿ. "ಹಂಗಾದ್ರೆ ಅದು ಬರೋದ್ರೊಳಗೆ ಮಾಡಿ ಮುಗಿಸ್ಬೇಕಲ್ಲೇ," ಅಂದಿರಿ. ನಾಳೆಯಿಂದ ಸೀಮೆಎಣ್ಣೆ ಸಿಗುವುದಿಲ್ಲವಂತೆ ಎಂದು ಕೇಳಿದವರು ಮನೆಯಲ್ಲಿ ತುಂಬಿದ ಡಬ್ಬವಿದ್ದರೂ ಇನ್ನೊಂದು ಹಿಡಿದು ಓಡುತ್ತಾರಲ್ಲ, ಹಾಗೆ ಓಡಿದಿರಿ ನೀವು. ಎರಡನೆಯ ದಿನವೇ ಹರಿಹರಕ್ಕೆ ಹೋಗಿ ಮಗಳ ಮಗಳನ್ನೇ ಮಗನಿಗೆ ಕೇಳಿ ಬಂದಿರಿ. ಅಂಜಿನವ್ವ ಗಂಡನಿಲ್ಲದ ಹೆಣ್ಣು, ತಾಯಿ ಬಂದು ಕೇಳಿದರೆ ಇಲ್ಲವೆನ್ನುವುದು ಹೇಗೆ? ಹೂಂ ಅಂದಳು. ನಲವತ್ತೆರಡು ವರ್ಷದ ತಮ್ಮನಿಗೆ ಹದಿನೇಳು ವರ್ಷದ ಮಗಳು.

ಆಮೇಲೆ ಶುರುವಾಯಿತು ನನ್ನ ಪಾಡು. ನಾನು ಈ ಮನೆಗೆ ಬಂದ ಹೊಸದರಲ್ಲಿ, ಹೆಂಗಸು ಪೇಪರು ಓದಿದರೆ ಮನೆಗೆ ಏಳಿಗೆಯಿಲ್ಲ ಎಂದು ಅಂದವರು ನೀವು. ಅದೇ ನೀವು ಪೇಪರು ತರುವ ಮಧ್ಯಾಹ್ನದ ರೈಲು ಕೂಗಿದ ಕೂಡಲೇ ಜಗಲಿಗೆ ಬಂದು ಕೂಡತೊಡಗಿದಿರಿ. ಹತ್ತಿಯ ಧಾರಣೆ ಓದಲು ಹೋದರೆ ಬ್ಯಾಡ. ಮಿಲ್ಲಿನ ಜಗಳ ಬ್ಯಾಡ. ಯಾರೋ ಯಾರನ್ನೋ ಕೊಂದದ್ದೂ ಬ್ಯಾಡ. "ಅದನ್ನೆಲ್ಲ ಬಿಡು, ನಮ್ದು ಎಲ್ಲಿಗೆ ಬಂತು ಓದು." ನಮ್ಮದಂತೆ! ದಿಲ್ಲಿಯ ಸರ್ಕಾರಕ್ಕೆ ನಿಟ್ಟುವಳ್ಳಿಯ ನಮ್ಮ ಮನೆ ಬಿಟ್ಟರೆ ಬೇರೆ ಕೆಲಸವೇ ಇಲ್ಲವೆಂದು ನಿಮ್ಮ ಎಣಿಕೆ. ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಪಾಲು ಕೊಡುವ ಕಾನೂನು ಇನ್ನೊಂದು ಬರಲಿದೆ ಎಂದು ಓದಿದಾಗ, ಅಂಜಿನವ್ವಗೂ ಸಿಗ್ತದೇನು ಎಂದು ಕೇಳಿ ಕಣ್ಣು ಒರೆಸಿಕೊಂಡಿರಿ. ಒಂದು ಗಳಿಗೆಯ ಮೇಲೆ ಆ ಪಾಲು ಯಾರದರಲ್ಲಿ ಕಡಿಮೆಯಾಗುತ್ತದೆಂದು ಹೊಳೆದು, "ಅದು ಸಾವಕಾಶ ಬರ್ಲಿ ಬಿಡು," ಅಂದಿರಿ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಗುತ್ತೆಪ್ಪನವರ ಸುದ್ದಿ ಬಂತಲ್ಲ, ನಿಮಗೆ ನೆನಪಿದ್ದೇ ಇರುತ್ತದೆ. ಈ ಕಾನೂನಿನ ಕೆಲಸ ನೋಡುವ ಮಂತ್ರಿ ಗುತ್ತೆಪ್ಪನವರಿಗೆ ಎಡಗಾಲು ಬಾತು ಮಲಗಿದ್ದಾರೆ, ಅವರು ಎದ್ದು ಓಡಾಡುವವರೆಗೂ ಕಾನೂನು ಮುಂದಕ್ಕೆ ಹೋಗುವುದಿಲ್ಲ, ಬಹುಶಃ ಬರುವ ವರ್ಷದ ಮಾತು ಎಂದು ಓದಿದೆ. ನಿಮಗೆ ಅವರ ಕಾಲಿಗಿಂತ ಹೆಸರು ಹಿಡಿಸಿತು. "ಗುತ್ತೆಪ್ಪ ಅಂದ್ರೆ ನಮ್ಮ ಕಡೇರೇ ಇರ್ಬೇಕು. ಯಾವೂರಂತೆ?" ಅಂದಿರಿ. ಅದು ಪೇಪರಿನಲ್ಲಿಲ್ಲ ಅಂದೆ. ಮಕ್ಕಳೆಷ್ಟು ಎಂದು ಕೇಳಿದಿರಿ. ಮಕ್ಕಳಿಲ್ಲವಂತೆ ಅಂದೆ. ಆಗ ನೀವು ಅಂದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ತಿಳೀತು ಬಿಡು. ಕಾಲು ಬರೇ ನೆಪ. ತಾನೊಂದು ಮದ್ವೆ ಮಾಡ್ಕೊಂಡು ಆಮ್ಯಾಲೆ ಕಾನೂನು ತರ್ತಾನೆ." ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತೆ. ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ.

ಅಂದಿನಿಂದ ದಿನಾ ಗುತ್ತೆಪ್ಪನವರ ಕಾಲಿನ ವಿಚಾರಣೆ. ಬಾವು ಇಳಿಯಿತೇ? ಯಾವ ಔಷಧ? ಕವಳಿ ಸೊಪ್ಪು ಕಟ್ಟಬಾರದೇ? ನಾನು ಸೊಂಟ ಹಿಡಿದು ಎಂಟು ದಿನ ಮಲಗಿದ್ದಾಗ ಇಷ್ಟು ಕೇಳಿರಲಿಲ್ಲ ನೀವು. ಅವರ ಕಾಲಿನ ಧೈರ್ಯದ ಮೇಲೆ, ಮಾಘದಲ್ಲಿ ಗುರುಬಲವಿಲ್ಲದೆ ಆತುರಾತುರವಾಗಿ ಗೊತ್ತುಮಾಡಿದ್ದ ಮುಹೂರ್ತ ಬಿಟ್ಟು, ಕಾರಹುಣ್ಣಿಮೆಗೆ ಮುಂಚಿನ ಈ ಗುರುವಾರಕ್ಕೆ ಮದುವೆ ಇಟ್ಟಿರಿ. ಕಾನೂನೇ ಬರುವ ವರ್ಷಕ್ಕೆ ಹೋದ ಮೇಲೆ ಅವಸರವೇಕೆ, ಒಳ್ಳೆಯ ಮುಹೂರ್ತದಲ್ಲೇ ಮಾಡೋಣ ಅಂದಿರಿ. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಅಂಜಿನವ್ವನ ಮೈದುನನ ಅಂಗಳ ದೊಡ್ಡದು, ಅಲ್ಲೇ ಚಪ್ಪರ ಹಾಕೋಣವೆಂದು ಮೊದಲು ಮಾತಾಗಿತ್ತು. ಸೇತುವೆ ದಾಟಿದರೆ ಮುಂಬಯಿ ಸರ್ಕಾರ, ಅಲ್ಲಿ ಇಂಥದೇ ಕಾನೂನು ಬಂದು ಒಂಬತ್ತು ವರ್ಷವಾಯಿತು ಎಂದು ಯಾರೋ ಹೇಳಿದರು. ಕೂಡಲೇ ಚಪ್ಪರವನ್ನು ಈ ದಂಡೆಗೆ ಎಳೆದುಕೊಂಡಿರಿ. ಒಂದೇ ಹೊಳೆ, ಒಂದೇ ನೀರು. ಆ ದಂಡೆಯಲ್ಲಿ ಗಂಡಸಿಗೆ ಒಬ್ಬಳೇ ಹೆಂಡತಿ, ಈ ದಂಡೆಯಲ್ಲಿ ಎಷ್ಟು ಬೇಕಾದರೂ. ನನ್ನ ಹಣೆಬರಹ ಸೇತುವೆಯ ಯಾವ ತುದಿಯಲ್ಲಿ ಚಪ್ಪರದ ಕಂಬ ನೆಡುತ್ತಾರೆ ಎಂಬುದರ ಮೇಲೆ ನಿಂತಿತ್ತು!

ಇಷ್ಟೆಲ್ಲದರಲ್ಲಿ ನನ್ನನ್ನು ಒಂದು ಮಾತು ಕೇಳಿದಿರಾ? ಹಪ್ಪಳ ಇನ್ನೂರು ಬೇಕು ಎಂದು ಹೇಳಿದಿರಿ. ಶ್ಯಾವಿಗೆ ಹೊಸೆದಿಡು ಎಂದು ಹೇಳಿದಿರಿ. ಹೇಳಿದಿರಿ, ಕೇಳಲಿಲ್ಲ. ನನ್ನ ಗಂಡನ ಮದುವೆಗೆ ನಾನು ಹಪ್ಪಳ ಒತ್ತಿದೆ. ಬಿಸಿಲಿಗೆ ಹಾಕಿ, ಕಾಗೆ ಕಾಯ್ದೆ. ಪಕ್ಕದ ಮನೆಯ ಖತೀಜಾಬೀ ಬೇಲಿಯ ಆಚೆ ನಿಂತು ನೋಡಿ, "ನಿಮ್ಗೆ ಹುಚ್ಚು ಹಿಡಿದೈತೇನ್ರಿ ಹುಲಿಗೆಮ್ಮಾ?" ಎಂದು ಕೇಳಿದರು. ನೀವು ಹರಿಹರಕ್ಕೆ ಹೊರಟ ದಿನ ನನ್ನ ಟ್ರಂಕು ತೆಗೆದು ನನ್ನ ಧಾರೆ ಸೀರೆಯನ್ನು ಗಂಟಿಗೆ ಹಾಕಿಕೊಂಡಿರಿ. ಹೊಸದು ತರುವುದು ದಂಡ, ನೀನೇನು ಉಡ್ತೀಯಾ ಅಂದಿರಿ. ಅತ್ತೆಯವರೇ, ಆ ದಿನ ನನಗೆ ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಗುತ್ತೆಪ್ಪನವರ ಕಾಲಿನ ಬಾವು ಇಳಿದರೂ ಅದು ಇಳಿಯುವುದಿಲ್ಲ.

ಇನ್ನು ನಿಮ್ಮ ಮಗ. ನೀವು ಮದುವೆ ಅಂದಾಗ ನೆಲ ನೋಡಿದರು. ನಾನು ಬೇಡವೆನ್ನಿ ಅಂದಾಗ ಸೂರು ನೋಡಿದರು. ಅವ್ವ ಕೇಳುವುದಿಲ್ಲ ಎಂದು ನನಗೆ ಹೇಳಿದರು, ಹುಲಿಗೆಮ್ಮ ಒಪ್ಪುವುದಿಲ್ಲ ಎಂದು ನಿಮಗೆ ಹೇಳಲೇ ಇಲ್ಲ. ಎರಡು ವಾರದ ಹಿಂದೆ ಖತೀಜಾಬೀಯ ಯಜಮಾನರು ಬಡೇಸಾಬರು ಮಂಡಿಪೇಟೆಯ ನಮ್ಮ ಅಂಗಡಿಗೆ ಹಗ್ಗ ಕೊಳ್ಳಲು ಹೋಗಿದ್ದಾಗ, ರಂಜಾನ್ ಉಪವಾಸದ ಬಾಯಲ್ಲೇ ಬಿಡಿಸಿ ಹೇಳಿದರಂತೆ: "ತಿಪ್ಪೇರುದ್ರಣ್ಣಾ, ನಮ್ಮ ಉರ್ದು ಪೇಪರ್‌ನಾಗೆ ಬಂದೈತೆ. ಆ ಕಾನೂನು ಪಾಸಾತು. ಹುಷಾರು." ನಿಮ್ಮ ಮಗ ಮನೆಗೆ ಬಂದು ಅದನ್ನು ನನ್ನ ಮುಂದಿಟ್ಟರು. ಅದು ಹೈದರಾಬಾದಿನ ಪೇಪರು, ಅಲ್ಲಿಯ ಸರ್ಕಾರ ಬೇರೆ, ನಮ್ಮದು ಮೈಸೂರು ಎಂದು ನಾನು ಹೇಳಿದೆ. ಹೆಂಗಸು, ನನಗೇನು ತಿಳಿಯುತ್ತದೆ! ನಮ್ಮ ಪೇಪರಿನಲ್ಲಿ ಗುತ್ತೆಪ್ಪನವರು ಇನ್ನೂ ಮಲಗಿದ್ದಾರೆಂದು ಓದಿ ತೋರಿಸಿದೆ. ಅವರು ಪೂರ್ತಿ ಕೇಳಿದರು. "ಹಂಗಾದ್ರೆ ಇನ್ನೂ ಟೈಮ್ ಐತೆ ಅನ್ನು," ಎಂದು ಎದ್ದು ಎಮ್ಮೆಗೆ ನೀರು ಕುಡಿಸಲು ಹೋದರು. ಇಂಥವರಿಗೆ ಒಬ್ಬಳು ಹೆಂಡತಿಯೇ ಹೆಚ್ಚು.

ನಾನಾದರೂ ಏನು ಮಾಡಲಿ? ಈ ತಿಂಗಳ ಒಂಬತ್ತನೆಯ ತಾರೀಖು ನೀವು ಕೊಟ್ರವ್ವನ ಕೈಯಲ್ಲಿ ಬರೆಸಿದ ಕಾಗದದಲ್ಲೂ ಅದೇ ಇತ್ತು. ಇಲ್ಲಿಯ ಪೇಪರಿನಲ್ಲೂ ಬಂದಿದೆ, ಗುತ್ತೆಪ್ಪನವರಿಗೆ ಈಗ ಬಲಗಾಲೂ ಬಾತಿದೆಯಂತೆ, ಕಾನೂನು ಏನಿದ್ದರೂ ದೀಪಾವಳಿ ಕಳೆದ ಮೇಲೆ, ನೀನು ಹಪ್ಪಳ ಜೋಪಾನ ಮಾಡು ಎಂದು ಬರೆಸಿದ್ದಿರಿ. ಎರಡು ಊರಿನ ಪೇಪರು ಒಂದೇ ಮಾತು ಹೇಳಿದ ಮೇಲೆ ಯಾರು ತಾನೇ ನಂಬುವುದಿಲ್ಲ?

ಆದದ್ದು ಹೀಗೆ. ಎರಡೂ ಕಾಲು ಕೆಟ್ಟ ಮೇಲೆ ಗುತ್ತೆಪ್ಪನವರ ಖಾತೆಯನ್ನು ಹಠಾತ್ತಾಗಿ ಬೇರೆಯವರಿಗೆ ಕೊಟ್ಟರಂತೆ. ಹೊಸದಾಗಿ ಬಂದವರು ಗಟ್ಟಿ ಕಾಲಿನವರು, ಬಂದವರೇ ಎಲ್ಲ ಮುಗಿಸಿ ರುಜು ಹಾಕಿಸಿಬಿಟ್ಟರು. ಮಂತ್ರಿಗಳು ಬದಲಾದರೆ ಹೀಗೆಯೇ. ಇದರಲ್ಲಿ ನಮ್ಮ ಕೈಯಲ್ಲಿ ಏನಿದೆ? ಕೊಟ್ರವ್ವನನ್ನು ಮಾತ್ರ ಬೈಯಬೇಡಿ. ಆ ಹುಡುಗಿ ಪೇಪರಿನಲ್ಲಿ ಇದ್ದದ್ದನ್ನು ಓದಿತು, ಅಷ್ಟೇ.

ನನಗೆ ಸಂತೋಷವಾಗಿದೆಯೇ ಎಂದು ಕೇಳುತ್ತೀರಿ. ಆಗಿದೆ. ಸುಳ್ಳೇಕೆ ಹೇಳಲಿ? ಆದರೆ ನಿಮ್ಮ ಭಯ ನನಗೆ ತಿಳಿಯುವುದಿಲ್ಲವೆಂದಲ್ಲ. ನಮ್ಮ ಮಾವನವರು ತೀರಿಕೊಂಡಾಗ ನಿಮ್ಮ ಮೈದುನರು ಆವರಗೆರೆಯ ಹೊಲವನ್ನು ಹೇಗೆ ಬಾಚಿಕೊಂಡರು, ಚಿಕ್ಕ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ನೀವು ಎಷ್ಟು ಬಾಗಿಲು ತಿರುಗಿದಿರಿ, ಎಲ್ಲ ನನಗೆ ಹೇಳಿದ್ದೀರಿ. ಮೊಮ್ಮಗನಿಲ್ಲದೆ ಹೋದರೆ ಈ ಮನೆಯೂ ಅವರ ಮಕ್ಕಳ ಪಾಲಾಗುತ್ತದೆಂದು ನಿಮಗೆ ಸಂಕಟ. ನನಗೂ ಸಂಕಟವೇ. ಆದರೆ ಅದಕ್ಕಾಗಿ ನನ್ನನ್ನು ಮನೆಯ ಮೂಲೆಗೆ ಸರಿಸಿ, ನಿಮ್ಮ ಕೈಯಲ್ಲೇ ಆಡಿ ಬೆಳೆದ ಹುಡುಗಿಯನ್ನು ತಂದು ನನ್ನ ಎದುರಿಗೆ ಕೂರಿಸಿದರೆ, ಮೂರು ಹೆಂಗಸರು ಒಂದೇ ಸೂರಿನಡಿ ದಿನಾ ಅಳುತ್ತಿದ್ದೆವು. ಅಳುವುದಕ್ಕೆ ಜಾಗವೂ ಸಾಲದು ಈ ಮನೆಯಲ್ಲಿ.

ಈಗ ಆಗಬೇಕಾದ ಕೆಲಸ. ಅಯ್ಯನವರಿಗೆ ಇಂದೇ ಹೇಳಿಕಳಿಸಿ, ಅವರು ಪಂಚಾಂಗ ಬಿಟ್ಟು ಬೇರೇನೂ ಓದುವುದಿಲ್ಲ. ಚಪ್ಪರದ ಗಳಗಳನ್ನು ತಂದವರಿಗೆ ಹಿಂದಿರುಗಿಸಿ. ನೆಂಟರು ಕೇಳಿದರೆ ಸರ್ಕಾರ ಬೇಡವೆಂದಿತು ಎನ್ನಿ, ನಿಮ್ಮ ಮರ್ಯಾದೆಗೆ ಕುಂದಿಲ್ಲ. ಹಪ್ಪಳ ಕೆಡುವುದಿಲ್ಲ, ಮಳೆಗಾಲಕ್ಕೆ ಆಗುತ್ತದೆ. ಮತ್ತು ದಯವಿಟ್ಟು ಬೇಗ ಬನ್ನಿ. ನೀವು ಹೋದಾಗಿನಿಂದ ಎಮ್ಮೆ ನನಗೆ ಸರಿಯಾಗಿ ಹಾಲು ಕೊಡುತ್ತಿಲ್ಲ, ನಿಮ್ಮ ಮಗನಿಗೆ ಒದೆಯುತ್ತದೆ. ನೀವಿಲ್ಲದೆ ಮಧ್ಯಾಹ್ನ ಪೇಪರು ಓದಲು ಕೂತರೆ ಓದು ಮುಂದೆ ಸಾಗುವುದಿಲ್ಲ. ನಿಮ್ಮ ಮೇಲೆ ಎಷ್ಟು ಸಿಟ್ಟಿದ್ದರೂ ಈ ಮಾತು ನಿಜ.

ಖತೀಜಾಬೀ ರಂಜಾನ್ ಹಬ್ಬಕ್ಕೆ ನಾಳೆ ಬೆಳಿಗ್ಗೆ ಹರಿಹರದ ತೌರಿಗೆ ಹೊರಟಿದ್ದಾರೆ. ಅಂಚೆಯನ್ನು ನಂಬದೆ ಅವರ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಅವರಿಗೊಂದು ಲೋಟ ಪಾನಕ ಕೊಡಬೇಡಿ, ಉಪವಾಸವಿದ್ದಾರೆ. ಕೂಡ್ರಿ ಎಂದು ಚಾಪೆ ಹಾಕಿ, ಸಾಕು.

ಇಂತಿ,
ನಿಮ್ಮ ಒಬ್ಬಳೇ ಸೊಸೆ
ಹುಲಿಗೆಮ್ಮ

ಮರೆತ ಮಾತು: ಕೊಟ್ರವ್ವಾ, ಇಲ್ಲಿಂದ ಮುಂದೆ ಬಾಯಿಬಿಟ್ಟು ಓದಬೇಡ. ಮುಗೀತು ಅಜ್ಜಿ ಎಂದು ಹೇಳಿ, ಕಾಗದ ಮಡಿಸಿಕೊಂಡು ಹಿತ್ತಲಿಗೆ ಹೋಗು.

ಹೋದೆಯಾ? ಕೇಳು. ಗುತ್ತೆಪ್ಪ ಎಂಬ ಮಂತ್ರಿ ಯಾವ ಸರ್ಕಾರದಲ್ಲೂ ಇಲ್ಲ. ಆ ದಿನ ನಿನ್ನ ಅಜ್ಜಿ, ಕಾನೂನು ಎಲ್ಲಿಗೆ ಬಂತು ಎಂದು ನನ್ನ ಪ್ರಾಣ ಹಿಂಡುತ್ತಿದ್ದರು. ಇನ್ನೇನು ಬಂದೇಬಿಟ್ಟಿತು ಎಂದು ಪೇಪರಿನಲ್ಲಿತ್ತು. ಅದನ್ನು ಓದಿದ್ದರೆ ಮಾಘದಲ್ಲೇ ನಿನ್ನ ಕೊರಳಿಗೆ ತಾಳಿ ಬೀಳುತ್ತಿತ್ತು. ತಡವಂತೆ ಅಂದೆ. ಯಾಕ ಅಂದರು. ಮಂತ್ರಿಗೆ ಕಾಲುಬಾವು ಅಂದೆ. ಹೆಸರೇನು ಅಂದರು. ಮಂಡಕ್ಕಿ ಭಟ್ಟಿಯ ಗುತ್ತೆಪ್ಪ ಚೀಲ ಹೊತ್ತುಕೊಂಡು ನಮ್ಮ ಬಾಗಿಲ ಮುಂದೆ ಹೋಗುತ್ತಿದ್ದ, ಅವನನ್ನೇ ಮಂತ್ರಿ ಮಾಡಿದೆ. ಕಾನೂನು ಲೋಕಸಭೆಯಲ್ಲಿ ಪಾಸಾದದ್ದು ಈ ತಿಂಗಳ ಐದಕ್ಕೆ. ಬಡೇಸಾಬರು ಹೇಳಿದ್ದು ಪೂರಾ ನಿಜ. ನಿನಗೆ ಕಳಿಸಿದ ಪೇಪರಿನ ತುಂಡಿನಲ್ಲಿ ಆ ಸಾಲನ್ನು ಕತ್ತರಿಸಿ ತೆಗೆದಿದ್ದೇನೆ.

ನೀನು ಬರೆದ ಕಾಗದ ಬಂದಾಗ ಮೂರು ಸಲ ಓದಿದೆ. ನಿಮ್ಮೂರಿಗೂ ನಮ್ಮೂರಿಗೂ ಅದೇ ರೈಲು, ಅದೇ ಪೇಪರು. ನಾನು ಹುಟ್ಟಿಸಿದ ಮಂತ್ರಿಗೆ ಹರಿಹರದಲ್ಲಿ ಬಲಗಾಲು ಬಾತದ್ದು ಹೇಗೆ? ಆ ಯೋಚನೆ ನನಗೇ ಹೊಳೆದಿರಲಿಲ್ಲ. ಒಲೆಯ ಮುಂದೆ ಕೂತು ಅತ್ತೆ ಕಣೇ. ನಾಲ್ಕು ತಿಂಗಳು ನಿನ್ನನ್ನು ಮನಸ್ಸಿನಲ್ಲೇ ಬೈದಿದ್ದೆ, ಬರುತ್ತಾಳೆ ನನ್ನ ಮನೆ ಹಾಳುಮಾಡುವುದಕ್ಕೆ ಎಂದು. ನನ್ನನ್ನು ಯಾರೂ ಕೇಳಲಿಲ್ಲವೆಂದು ಓಣಿಗೆಲ್ಲ ಕೇಳುವಂತೆ ಗೋಳಾಡಿದವಳು, ನಿನ್ನನ್ನು ನಾನೂ ಕೇಳಿರಲಿಲ್ಲ.

ನಿನ್ನ ಮಾವನಿಗೂ ಎಲ್ಲ ಗೊತ್ತಿತ್ತೆಂದು ನನಗೆ ಗುಮಾನಿ. ಮಂಡಕ್ಕಿ ಗುತ್ತೆಪ್ಪ ಅವರ ಅಂಗಡಿಯಲ್ಲೇ ಹಗ್ಗ ಕೊಳ್ಳುತ್ತಾನೆ. ಜನ್ಮದಲ್ಲಿ ಮೊದಲ ಸಲ ಅವರು ಬಾಯಿ ಬಿಡದಿದ್ದುದಕ್ಕೆ ನನಗೆ ಸಿಟ್ಟು ಬರಲಿಲ್ಲ.

ಧಾರೆ ಸೀರೆ ನೀನೇ ಇಟ್ಟುಕೋ. ನಿನಗೆ ಬೇಕಾದ ದಿನ, ಬೇಕಾದವನ ಮುಂದೆ ಉಡು. ಖಾತೆ ಹೋದ ಮೇಲೆ ಗುತ್ತೆಪ್ಪನವರು ಏನಾದರೆಂದು ಅಜ್ಜಿ ಕೇಳದೆ ಬಿಡುವುದಿಲ್ಲ. ಮಂಗಳವಾರದ ಪೇಪರಿನಲ್ಲಿ ಅವರು ಊರಿಗೆ ಹೊರಟುಹೋದರೆಂದು ಓದು. ಎರಡೂ ಕಾಲು ಪೂರ್ತಿ ವಾಸಿಯಾಗಿ, ನಡೆದುಕೊಂಡೇ ಹೋದರೆಂದು ಓದು.